ಸಭೆಯಲ್ಲೇ ಒಡೆದು ಓದತಕ್ಕದ್ದು

ಕೋರ್ಟಿನ ಎದುರಿನ ಕಚೇರಿ
ಜನವರಿ ೧೨

ನೆರೆದಿರುವ ಸಮಸ್ತ ಮಹಾಜನರೇ! ಮೇಜಿನ ತಲೆಯಲ್ಲಿ ಕೂತಿರುವ ಶಾಸಕ ಭಾವನವರೇ, ಅವರ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಈ ಪತ್ರವನ್ನು ಗಟ್ಟಿಯಾಗಿ ಓದುತ್ತಿರುವ ನನ್ನ ಅಕ್ಕಾ, ಎದುರಿಗೆ ಪುಕ್ಕಟೆ ಕಾಫಿ ಹೀರುತ್ತಿರುವ ಪಕ್ಷದ ಕಾರ್ಯಕರ್ತರೇ, ವರ್ಗಾವಣೆಯ ಅರ್ಜಿ ಹಿಡಿದು ಬಾಗಿಲಲ್ಲೇ ನಿಂತಿರುವ ಇಂಜಿನಿಯರೇ! ಎಲ್ಲರೂ ಸದ್ದಡಗಿಸಿ ಕೇಳಿ. ಕಪ್ಪುಗಳನ್ನು ಬಸಿಯ ಮೇಲಿಡಿ. ಪರದೆ ಏಳುತ್ತಿದೆ!

ನನ್ನ ಪತ್ರ ಬಂದರೆ ನಿಮ್ಮ ಮನೆಯಲ್ಲಿ ತುಂಬಿದ ಜನರೆದುರು ಓದುತ್ತೀರಿ ಎಂದು ಅಕ್ಕ ಬರೆದಿದ್ದಳು. ಟೆಲಿಫೋನಿನಲ್ಲಿ ನನ್ನ ದನಿ ಕೇಳಿ ನಿಮ್ಮ ಕಿವಿ ಎರಡು ದಿನ ಗುಂಯ್‌ಗುಟ್ಟಿತೆಂದೇ ಅಲ್ಲವೇ ಈ ಪತ್ರವ್ಯವಹಾರ ಶುರುವಾದದ್ದು? ಹಾಗಾಗಿ ಸಭೆಗೆ ತಕ್ಕಂತೆಯೇ ಬರೆಯುತ್ತೇನೆ. ನಮ್ಮಪ್ಪ ನನ್ನನ್ನು ನಾಟಕಶಾಲೆಯ ಟಿಕೆಟ್ ಕಿಟಕಿಯ ಕೆಳಗೆ ತೊಟ್ಟಿಲು ಕಟ್ಟಿ ಬೆಳೆಸಿದ ಮನುಷ್ಯ. ಪಿಸುಮಾತು ನನಗೆ ಕಲಿಸಲೇ ಇಲ್ಲ.

ದೃಶ್ಯ ಒಂದು. ಇಬ್ಬರು ವಕೀಲರ ಕಚೇರಿ, ಒಳಗೆ ಒಬ್ಬನೇ ವಕೀಲ. ಇನ್ನೊಬ್ಬರು ಚುನಾವಣೆ ಗೆದ್ದು ರಾಜಧಾನಿಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಬಾಗಿಲ ಮೇಲಿನ ಹಲಗೆಯಲ್ಲಿ ಹೋದವರ ಹೆಸರು ಮೇಲೆ, ದಪ್ಪಗೆ. ಉಳಿದವನ ಹೆಸರು ಕೆಳಗೆ, ಇರುವೆ ಸಾಲಿನಂತೆ. ಒಬ್ಬ ಹೆಂಗಸು ಕಾಗದದ ಕಟ್ಟು ಹಿಡಿದು ಪ್ರವೇಶ.

"ಸಾಹೇಬರಿಲ್ವಾ?"

"ನಾನಿದ್ದೀನಲ್ಲ, ಕೂತ್ಕೊಳ್ಳಿ."

"ಅಲ್ಲ, ಸಾಹೇಬರು."

"ನಾನೂ ವಕೀಲನೇ ತಾಯಿ. ಈ ಕೇಸನ್ನ ಮೂರು ವರ್ಷದಿಂದ ನಾನೇ ನಡೆಸ್ತಿರೋದು."

"ಅಯ್ಯೋ, ಗೊತ್ತಪ್ಪ. ಸಾಹೇಬರು ಯಾವಾಗ ಬರ್ತಾರೆ ಹೇಳು."

ಪರದೆ. ದಿನಕ್ಕೆ ನಾಲ್ಕು ಪ್ರದರ್ಶನ, ಭಾನುವಾರ ರಜೆ.

ಭಾವ, ಒಂದು ಹಳೆಯ ಮಾತು. ಪಕ್ಷದವರು ಅಭ್ಯರ್ಥಿ ಹುಡುಕಿಕೊಂಡು ಈ ಕಚೇರಿಗೆ ಬಂದ ದಿನ ನಾನು ಮುಕ್ಕಾಲು ಗಂಟೆ ಮಾತಾಡಿದೆ. ನೀವು ಪೆನ್ಸಿಲ್ ಚೂಪು ಮಾಡುತ್ತ ಸುಮ್ಮನಿದ್ದಿರಿ. ಪೆನ್ಸಿಲ್ಲಿಗೆ ಟಿಕೆಟ್ ಸಿಕ್ಕಿತು. ಆಮೇಲೆ ಅರವತ್ತೆರಡು ಸಭೆಗಳಲ್ಲಿ ಗಂಟಲು ಹರಿದುಕೊಂಡವನು ನಾನು; ಹಾರ ಬಿದ್ದದ್ದು ನಿಮ್ಮ ಕೊರಳಿಗೆ. ನನಗೆ ಹೊಟ್ಟೆಕಿಚ್ಚೇ? ಛೆ ಛೆ. ಸುಮ್ಮನೆ ಸ್ವಲ್ಪ ಉರಿ, ಅಷ್ಟೇ. ನಗಬೇಡ ಅಕ್ಕ.

ಇನ್ನು ಚರ್ಚಿನ ಸುದ್ದಿ. ಚರ್ಚಿನ ಆಡಳಿತ ಸಮಿತಿಯ ನಿಯಮ ನಿಮಗೆ ಗೊತ್ತಿದ್ದದ್ದೇ: ಸದಸ್ಯ ಬರಬೇಕು, ಬಾರದಿದ್ದರೆ ಅವನ ಪತ್ರ ಬರಬೇಕು, ಎರಡೂ ಬಾರದಿದ್ದರೆ ಅವತ್ತೇ ಕುರ್ಚಿ ಖಾಲಿ. ಪತ್ರಗಳನ್ನೆಲ್ಲ ಸಭೆಯ ನಡಾವಳಿ ಬರೆಯುವ ಮೇಷ್ಟ್ರ ಮುಂದಿನ ಮರದ ತಟ್ಟೆಯಲ್ಲಿಡುವುದು, ಅವರು ಒಂದೊಂದಾಗಿ ಎತ್ತಿಕೊಡುವುದು, ನಾನು ಓದುವುದು. ನಾನು ಸದಸ್ಯನಲ್ಲವಷ್ಟೆ, ಚರ್ಚಿನ ಕಾಗದಪತ್ರ ನೋಡುವ ವಕೀಲ, ಪಕ್ಕದ ಬೆಂಚಿನವನು. ಆದರೂ ದನಿ ಬೇಕಾದಾಗ ನನ್ನನ್ನೇ ಕರೆಯುತ್ತಾರೆ. ಈ ತಿಂಗಳ ನಿಮ್ಮ ಪತ್ರವನ್ನೂ ಓದಿದೆ. "ಸದನದ ಕಾರ್ಯಕಲಾಪದ ನಿಮಿತ್ತ" ಎಂಬಲ್ಲಿ ಎಷ್ಟು ಭಾರ ಕೊಟ್ಟೆನೆಂದರೆ ಪಾದ್ರಿಗಳು ಸುಮ್ಮನೆ ಎದ್ದು ನಿಂತುಬಿಟ್ಟರು. ಮೇಷ್ಟ್ರಂತೂ, ಮೂವತ್ತೊಂದು ವರ್ಷದಿಂದ ನಡಾವಳಿ ಬರೆಯುತ್ತಿರುವವರು, "ಸಾಹೇಬರ ಪತ್ರ ಅಂದ್ರೆ ಪತ್ರ" ಎಂದರು.

ಓದಿದವನ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ನಿಮ್ಮ ಬಾಮೈದ,
ಗುಡುಗಪ್ಪ


ಶಾಸಕರ ವಸತಿಗೃಹ, ರಾಜಧಾನಿ
ಜನವರಿ ೨೧

ಪ್ರಿಯ ಗುಡುಗಪ್ಪ,

ನಿನ್ನ ಅಕ್ಕ ನಿನ್ನ ಪತ್ರವನ್ನು ಎರಡು ಸಲ ಓದಿದಳು. ಇಂಜಿನಿಯರ್ ನಿಜವಾಗಿಯೂ ಬಾಗಿಲಲ್ಲೇ ನಿಂತಿದ್ದ, ಅವನೂ ನಕ್ಕ. ಹಲಗೆಯ ವಿಷಯ ಸರಿಯಾಗಿಯೇ ಹೇಳಿದ್ದೀ. ಬಣ್ಣದವನನ್ನು ಕರೆಸಿ ನಿನ್ನ ಹೆಸರನ್ನು ಮೇಲೆ ಬರೆಸು. ನನ್ನದೇನೂ ಅಭ್ಯಂತರವಿಲ್ಲ.

ಇಲ್ಲಿ ಎಲ್ಲ ಎಂದಿನಂತೆ. ಮೊನ್ನೆ ಸದನದಲ್ಲಿ ಮೂರು ನಿಮಿಷ ಸಿಕ್ಕಿತು. ಮಾತಾಡಿದೆ. ಕಾನೂನು ಖಾತೆ ನನಗೆ ಬರಬಹುದೆಂದು ಕೆಲವರು ಹೇಳುತ್ತಿದ್ದಾರೆ. ನೀನು ಅದನ್ನು ಊರಿಗೆಲ್ಲ ಸಾರಬೇಡ.

ಫೆಬ್ರವರಿಯ ಚರ್ಚು ಸಮಿತಿಗೂ ಬರಲಾಗುವುದಿಲ್ಲ. ಇದರ ಜೊತೆ ಒಂದು ಲಕೋಟೆ ಇದೆ. ಅಂಟಿಸಿ ಅರಗು ಹಾಕಿದ್ದೇನೆ. ದಯವಿಟ್ಟು ಮೊದಲೇ ಒಡೆಯಬೇಡ, ಸಭೆಯಲ್ಲೇ ಒಡೆದು ಎಲ್ಲರೆದುರು ಓದು. ಒಳಗೆ ನಾಲ್ಕೇ ಸಾಲು. ಯಾಕೆ ಹೀಗೆ ಎಂದು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಕೆಲವು ವ್ಯವಹಾರಗಳನ್ನು ಪತ್ರದಲ್ಲಿ ಬರೆಯಲು ಮನಸ್ಸಾಗುವುದಿಲ್ಲ.

ನಿನ್ನ ಭಾವ


ಕೋರ್ಟಿನ ಎದುರಿನ ಕಚೇರಿ
ಫೆಬ್ರವರಿ ೯

ಭಾವನವರಿಗೆ ನಮಸ್ಕಾರ. ಅಕ್ಕಾ, ದನಿ ಸ್ವಲ್ಪ ಏರಿಸಿಕೋ. ಇದರಲ್ಲಿ ಪಟ್ಟಾಭಿಷೇಕದ ದೃಶ್ಯವಿದೆ!

ಮೊನ್ನೆ ಶನಿವಾರ ಮಧ್ಯಾಹ್ನ ಮೂರಕ್ಕೆ ಸಮಿತಿ ಸೇರಿತು. ಚರ್ಚಿನ ಹಿಂದಿನ ಕೋಣೆ, ಅದೇ ಉದ್ದ ಮೇಜು, ಅದೇ ಕುಂಟು ಫ್ಯಾನು. ನಿಮ್ಮ ಕುರ್ಚಿ, ಕಿಟಕಿಯ ಪಕ್ಕದ ತೋಳಿನ ಕುರ್ಚಿ, ಖಾಲಿ. ಅದನ್ನು ಯಾರೂ ಮುಟ್ಟುವುದಿಲ್ಲ. ಮರದ ವ್ಯಾಪಾರಿ ಕೂಡ ಛತ್ರಿ ಇಡಲು ಹೋಗಿ, ನೆನಪಾಗಿ, ನೆಲದ ಮೇಲಿಟ್ಟರು. ಮನುಷ್ಯನಿಲ್ಲದಿದ್ದರೂ ಕುರ್ಚಿಗೆ ಮರ್ಯಾದೆ! ಇಪ್ಪತ್ತು ವರ್ಷದಿಂದ ಬೆಂಚಿನ ಮೇಲೆ ಕೂತ ನನಗೆ ಒಂದು ದಿಂಬನ್ನೂ ಯಾರೂ ಕೊಟ್ಟಿಲ್ಲ.

ನಿಯಮದ ಪ್ರಕಾರ ನಿಮ್ಮ ಸ್ಥಾನ ಖಾಲಿ ಎಂದು ಪಾದ್ರಿಗಳು ಘೋಷಿಸಿದರು. ಅದು ಹೇಗಾಯಿತು ಏನಾಯಿತು ಎಂಬುದು ದೊಡ್ಡ ಕಥೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಎಲ್ಲವನ್ನೂ ಪತ್ರದಲ್ಲಿ ಬರೆಯಲು ನನಗೂ ಮನಸ್ಸಾಗುವುದಿಲ್ಲ. ಮರದ ವ್ಯಾಪಾರಿ ಎದ್ದು, "ಸಾಹೇಬರ ಮನೆಯೋರೇ ಇದ್ದಾರಲ್ಲ, ಇವರನ್ನೇ ಕೂರಿಸೋಣ" ಎಂದರು. ಸಾಹೇಬರ ಮನೆಯೋರು! ಪಟ್ಟ ಕಟ್ಟುವಾಗಲೂ ನಿಮ್ಮ ಹೆಸರೇ ಬೇಕಾಯಿತು. ಇರಲಿ. ಹನ್ನೊಂದರಲ್ಲಿ ಒಂಬತ್ತು ಕೈ ಎದ್ದವು. ಬೆಂಚಿನಿಂದ ಕುರ್ಚಿಗೆ ಏಳು ಹೆಜ್ಜೆ. ಆ ಏಳು ಹೆಜ್ಜೆಯನ್ನು ಹೇಗೆ ನಡೆದೆನೆಂದು ನಮ್ಮಪ್ಪ ನೋಡಬೇಕಿತ್ತು!

ಕೂತ ಮೇಲೆ ಸುಮ್ಮನಿರಲಾಗುತ್ತದೆಯೇ? ಅವತ್ತೇ ಒಂದು ಭಾರಿ ವಿಷಯ ಬಂತು. ಗಾಜಿನ ಕಂಪನಿಯವರ ಅರ್ಜಿ. ಹೆಣ್ಣುಮಕ್ಕಳ ಶಾಲೆಯ ಹಿಂದೆ ಚರ್ಚಿನ ನದಿದಂಡೆ ಇದೆಯಲ್ಲ, ಅದರ ಮರಳು ಗಾಜಿಗೆ ಬಲು ಒಳ್ಳೆಯದಂತೆ. ಮೂವತ್ತು ವರ್ಷಕ್ಕೆ ಗುತ್ತಿಗೆ ಬೇಕಂತೆ. ಶಾಲೆಯ ಹೆಡ್‌ಮಿಸ್ಟ್ರೆಸ್ ಎದ್ದು ನಿಂತರು.

"ಮರಳು ತೋಡಿದ್ರೆ ನಮ್ಮ ಹಿಂದಿನ ಗೋಡೆ ನಿಲ್ಲುತ್ತಾ? ಈಗಲೇ ಕೈ ತೂರೋಷ್ಟು ಬಿರುಕಿದೆ. ಆ ಗೋಡೆ ಪಕ್ಕ ನಲವತ್ತು ಮಕ್ಕಳು ಕೂರ್ತಾವೆ."

ಎಲ್ಲರೂ ತಲೆ ಆಡಿಸಿದರು. ಈಗ ನಾನೂ ತಲೆ ಆಡಿಸಿದರೆ ಹೊಸ ಸದಸ್ಯ ಬಂದದ್ದು ಯಾರಿಗೆ ಗೊತ್ತಾಗಬೇಕು? ಎದ್ದೆ! ಕೈ ಬೀಸಿದೆ! "ಈ ಊರಿನ ಮರಳು ಎಷ್ಟು ಕಾಲ ನದಿಯ ತಳದಲ್ಲಿ ಮಲಗಿರಬೇಕು? ಏಳಲಿ! ಬೆಂಕಿಯಲ್ಲಿ ಬೇಯಲಿ! ಹೊಳೆಯುವ ಗಾಜಾಗಿ ದೇಶದೇಶದ ಕಿಟಕಿಗಳಲ್ಲಿ ನಿಲ್ಲಲಿ!" ಫ್ಯಾನು ನಿಂತೇಹೋಯಿತು ಭಾವ, ಆಣೆಯಾಗಿ ಹೇಳುತ್ತೇನೆ, ಅದು ಕರೆಂಟು ಹೋದದ್ದೆಂದು ಮೇಷ್ಟ್ರು ಹೇಳಿದರೂ ನಾನು ನಂಬಲಿಲ್ಲ. ಏಳು ಕೈ ಪರ, ಐದು ವಿರೋಧ, ಗುತ್ತಿಗೆ ಮಂಜೂರು.

ಹೊರಗೆ ಬರುವಾಗ ಹೆಡ್‌ಮಿಸ್ಟ್ರೆಸ್ ನನ್ನ ಹತ್ತಿರ ಬಂದು, "ನಿಮ್ಮ ಭಾವ ಇದ್ದಿದ್ರೆ ಹೀಗಾಗ್ತಿರಲಿಲ್ಲ" ಎಂದರು.

ಕುರ್ಚಿ ಹೋದರೂ ಕೀರ್ತಿ ನಿಮ್ಮದೇ. ಇದೇನು ವರ ಪಡೆದು ಬಂದಿದ್ದೀರಿ ಮಾರಾಯರೇ!

ನಿಮ್ಮ ಬಾಮೈದ,
ಚರ್ಚು ಸಮಿತಿ ಸದಸ್ಯ, ಗುಡುಗಪ್ಪ


ಶಾಸಕರ ವಸತಿಗೃಹ
ಫೆಬ್ರವರಿ ೧೫

ಗುಡುಗಪ್ಪ,

ನಿನ್ನ ಪತ್ರವನ್ನು ಅಕ್ಕ ಗಟ್ಟಿಯಾಗಿ ಓದಲು ಶುರುಮಾಡಿದಳು. ಮಧ್ಯದಲ್ಲಿ ನಾನು ಕಸಿದುಕೊಂಡು ಒಳಗೆ ಹೋದೆ.

ನಾನು ಬಿಟ್ಟ ಕುರ್ಚಿ ನಿನಗೆ ಬಂದದ್ದು ಸಂತೋಷ. ನಿಜವಾಗಿಯೂ. ಆದರೆ ನನ್ನ ಆ ನಾಲ್ಕು ಸಾಲು ಓದಿದ ಬಾಯಲ್ಲೇ ಎದ್ದು ನಿಂತು ಕಂಪನಿಯ ಪರ ಮಾತಾಡಿದೆಯಾ? ನನಗೆ ಅರ್ಥವಾಗುತ್ತಿಲ್ಲ. ನನಗೆ ಒಳ್ಳೆಯದಾಗಲಿ ಎಂದು ಹಾಗೆ ಮಾಡಿದೆಯಾ? ನಿನ್ನೆ ಕಂಪನಿಯ ಅಧ್ಯಕ್ಷರು ಫೋನ್ ಮಾಡಿ, "ನಿಮ್ಮ ಬಾಮೈದನಿಗೆ ನಮ್ಮ ವಂದನೆ ತಿಳಿಸಿ" ಎಂದರು. ಅದನ್ನು ಕೇಳುವಾಗ ನನ್ನ ಪಕ್ಕದಲ್ಲಿ ಇಬ್ಬರು ಶಾಸಕರು ಕೂತಿದ್ದರು.

ನನ್ನ ಪತ್ರ ಓದಿದಾಗ ಜನ ಏನೆಂದರು? ಹೆಡ್‌ಮಿಸ್ಟ್ರೆಸ್ ಏನೆಂದರು? ಕೂಡಲೇ ಬರೆ.

ಭಾವ


ಕೋರ್ಟಿನ ಎದುರಿನ ಕಚೇರಿ
ಫೆಬ್ರವರಿ ೨೧

ಭಾವನವರಿಗೆ,

ನಿಮ್ಮ ಪತ್ರದ ಧಾಟಿ ನೋಡಿ ಬೆಚ್ಚಿದೆ. ಕಂಪನಿಗೂ ನಿಮಗೂ ಏನು ಸಂಬಂಧ, ಅವರು ನಿಮಗೇಕೆ ಫೋನ್ ಮಾಡಬೇಕು, ನನಗೊಂದೂ ತಿಳಿಯಲಿಲ್ಲ. ದೊಡ್ಡವರ ವ್ಯವಹಾರ, ಊರಲ್ಲಿ ಉಳಿದವನಿಗೆ ಯಾಕೆ ತಿಳಿಯಬೇಕು ಬಿಡಿ.

ಪತ್ರದ ವಿಷಯ ಕೇಳಿದ್ದೀರಿ. ಪದ್ಧತಿ ನಿಮಗೇ ಗೊತ್ತು. ತಟ್ಟೆಯಿಂದ ಮೇಷ್ಟ್ರು ಎತ್ತಿಕೊಡಬೇಕು, ನಾನು ಓದಬೇಕು. ಅವತ್ತು ನನ್ನ ಕೈಗೆ ಮೂರು ಪತ್ರ ಬಂದವು: ಕಾಲು ಮುರಿದುಕೊಂಡವರದು, ಮಗಳ ಹೆರಿಗೆಗೆ ಹೋದವರದು, ಇನ್ನೊಂದು ಗಂಟೆ ಬಾರಿಸುವವನ ಸಂಬಳದ ಅರ್ಜಿ. ಕೈಗೆ ಬಂದದ್ದನ್ನು ಓದಿದೆ. ನಿಮ್ಮದು ಬರಲಿಲ್ಲ. ಮೇಷ್ಟ್ರಿಗೂ ವಯಸ್ಸಾಯಿತು. ಕೈ ನಡುಗುತ್ತದೆ, ಒಂದು ಹಾಳೆ ತಿರುವುವಷ್ಟರಲ್ಲಿ ನಾವು ಒಂದು ಕೀರ್ತನೆ ಹಾಡಿ ಮುಗಿಸಬಹುದು. ಆ ಗದ್ದಲದಲ್ಲಿ ಏನನ್ನು ಎತ್ತಿದರೋ, ಏನನ್ನು ಬಿಟ್ಟರೋ.

ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ಕಂಡದ್ದನ್ನು ಬರೆದೆ.

ಅಂದಹಾಗೆ ಹಲಗೆಗೆ ಬಣ್ಣ ಬಳಿಸಿದೆ. ನನ್ನ ಹೆಸರು ಈಗ ಮೇಲಿದೆ. ಮಧ್ಯಾಹ್ನ ಅದೇ ಹೆಂಗಸು ಬಂದು ತಲೆ ಎತ್ತಿ ನೋಡಿ, "ಸಾಹೇಬರನ್ನ ಯಾಕಪ್ಪಾ ಕೆಳಗೆ ಹಾಕಿದ್ರಿ, ಏನಾದ್ರೂ ಆಯ್ತಾ ಅವರಿಗೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಗುಡುಗಪ್ಪ


ಶಾಸಕರ ವಸತಿಗೃಹ
ಮಾರ್ಚ್ ೫

ಗುಡುಗಪ್ಪ,

ಪತ್ರಿಕೆ ಅಲ್ಲಿಗೂ ಬಂದಿರುತ್ತದೆ. ಆದರೂ ನನ್ನ ಬಾಯಿಂದಲೇ ಕೇಳು.

ಎಂಟು ತಿಂಗಳ ಹಿಂದೆ ನಾನು ಆ ಗಾಜಿನ ಕಂಪನಿಯ ನಿರ್ದೇಶಕನಾದೆ. ಪಕ್ಷದ ಹಿರಿಯರು ಹೇಳಿದರು, ಒಪ್ಪಿದೆ. ಹೇಳಿದರು ಎಂಬುದು ನೆಪ. ತಿಂಗಳಿಗೊಮ್ಮೆ ದೊಡ್ಡ ಮೇಜಿನ ಸುತ್ತ ಕೂತು, ನಾನು ಬಾಯಿ ತೆರೆದರೆ ಎಂಟು ಜನ ಬರೆದುಕೊಳ್ಳುತ್ತಾರೆ; ಅದು ನನಗೆ ಹಿಡಿಸಿತು. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಅದನ್ನೊಂದು ದೃಶ್ಯ ಮಾಡಿ ಬರೆಯುತ್ತಿದ್ದೆ, ನಿನ್ನ ಅಕ್ಕ ಅದನ್ನು ನನ್ನ ಮುಂದೆಯೇ ಓದುತ್ತಿದ್ದಳು. ಚರ್ಚಿನ ಮರಳಿಗೆ ಅವರು ಅರ್ಜಿ ಹಾಕುತ್ತಾರೆಂದು ತಿಳಿದ ದಿನವೇ ಆ ಲಕೋಟೆ ಬರೆದೆ. ಮೊದಲೇ ಒಡೆದರೆ ಸಭೆಗೆ ಮುಂಚೆ ಊರೆಲ್ಲ ಗುಡುಗುತ್ತೀ ಎಂದು ಅರಗು ಹಾಕಿದೆ.

ನಿನ್ನೆ ಸದನದಲ್ಲಿ ವಿರೋಧ ಪಕ್ಷದವನೊಬ್ಬ ಎದ್ದು ಹೇಳಿದ: "ಕಂಪನಿಯ ನಿರ್ದೇಶಕರು ಚರ್ಚಿನ ಕುರ್ಚಿಯಿಂದ ಮೆಲ್ಲಗೆ ಎದ್ದರು. ಅದೇ ಕುರ್ಚಿಯಲ್ಲಿ ಬಾಮೈದನನ್ನು ಕೂರಿಸಿದರು. ಬಾಮೈದ ಕಂಪನಿಯ ಪರ ಕೂಗಿದ. ಭಾವ ಬಾಮೈದನ ಈ ನಾಟಕಕ್ಕೆ ಟಿಕೆಟ್ ಎಷ್ಟು ಸ್ವಾಮಿ?" ಸದನ ನಕ್ಕಿತು. ನಾನು ಎದ್ದು, ನನ್ನ ಸಂಬಂಧವನ್ನು ಸಮಿತಿಗೆ ಪತ್ರದಲ್ಲಿ ತಿಳಿಸಿದ್ದೇನೆ ಎಂದೆ. ನಡಾವಳಿಯ ಪ್ರತಿ ಅವನ ಕೈಯಲ್ಲಿತ್ತು. "ಶಾಸಕರಿಂದ ಪತ್ರ ಬಂದಿಲ್ಲ" ಎಂದು ಮೇಷ್ಟ್ರ ಅಕ್ಷರ. ಇಂದು ಬೆಳಿಗ್ಗೆ ಮುಖ್ಯಮಂತ್ರಿಗಳ ಕಚೇರಿಯಿಂದ ಕರೆ ಬಂತು. ಪತ್ರ ಬರೆದದ್ದು ರುಜುವಾತಾಗದಿದ್ದರೆ ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಡಿ ಎಂದಿದ್ದಾರೆ.

ನಿನ್ನ ಹಿಂದಿನ ಪತ್ರ ಬಂದ ಕೂಡಲೇ, ನೀನು ತಟ್ಟೆಯಲ್ಲಿಟ್ಟದ್ದನ್ನು ಮೇಷ್ಟ್ರು ಎತ್ತಿಕೊಡಲಿಲ್ಲ ಎಂದು ಬಿಷಪ್ಪರಿಗೆ ಬರೆದಿದ್ದೆ. ಅವರು ಮೇಷ್ಟ್ರನ್ನು ಕೆಲಸದಿಂದ ನಿಲ್ಲಿಸಿದ್ದಾರಂತೆ. ಚರ್ಚಿನ ಹಿಂದೆ ಅವರಿರುವ ಆ ಎರಡು ಕೋಣೆಯ ಮನೆಯನ್ನೂ ತಿಂಗಳೊಳಗೆ ಬಿಡಬೇಕಂತೆ. ಹದಿಮೂರನೇ ತಾರೀಕು ಬಿಷಪ್ಪರೇ ಬಂದು ವಿಚಾರಣೆ ಮಾಡುತ್ತಾರೆ. ನೀನು ಸಾಕ್ಷಿ ಹೇಳಬೇಕು. ಮೇಷ್ಟ್ರು ನನಗೆ ಅಕ್ಷರ ಕಲಿಸಿದವರು. ಅವರ ಮೇಲೆ ನಾನೇ ದೂರು ಬರೆದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಏನಾಗಬೇಕು. ನಿನ್ನೆ ಸದನದಲ್ಲಿ ನಾನು ಹೇಳಿದ್ದು ಮೂರನೇ ಸಾಲಿಗೂ ಕೇಳಿಸಲಿಲ್ಲ. ಹದಿನೈದು ತಿಂಗಳಿಂದ ಹೀಗೇ. ಅಲ್ಲಿ ನಿಂತಾಗಲೆಲ್ಲ ನಿನ್ನ ಗಂಟಲು ನನಗಿದ್ದಿದ್ದರೆ ಎಂದು ನಿನ್ನ ಮೇಲೆ ಹೊಟ್ಟೆ ಉರಿದುಕೊಂಡಿದ್ದೇನೆ. ನಿನ್ನ ಪತ್ರ ಬಂದ ದಿನ ಈ ಮನೆಯಲ್ಲಿ ನಗು ಇರುತ್ತದೆ. ನಾನು ಬಂದ ದಿನ ಇಲ್ಲ.

ಭಾವ

(ಅಕ್ಕನ ಅಕ್ಷರದಲ್ಲಿ:) ತಮ್ಮಾ, ಇವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನೀನು ತಟ್ಟೆಯಲ್ಲಿ ಇಟ್ಟಿದ್ದೆ ತಾನೇ? ನನಗೊಬ್ಬಳಿಗೆ ಬರೆ.


ಕಚೇರಿ
ಮಾರ್ಚ್ ೧೨

ಭಾವ,

ಇದನ್ನು ಗಟ್ಟಿಯಾಗಿ ಓದಿಸಬೇಡಿ. ಮೊದಲು ನೀವೊಬ್ಬರೇ ಓದಿ, ಆಮೇಲೆ ಅಕ್ಕನಿಗೆ ಕೊಡಿ.

ಇಂದು ಬೆಳಿಗ್ಗೆ ಮೇಷ್ಟ್ರು ಕಚೇರಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಕಕ್ಷಿದಾರರು ಕೂರುವ ಕುರ್ಚಿಯ ತುದಿಯಲ್ಲಿ ಕೂತರು. ಕೈಗೆ, ಮೊಣಕೈವರೆಗೂ, ಧೂಳು ಮೆತ್ತಿತ್ತು.

"ಎಲ್ಲ ಹುಡುಕಿದೆ ಕಣೋ. ಬೀರು, ಕೀರ್ತನೆ ಪುಸ್ತಕದ ಪೆಟ್ಟಿಗೆ, ಶಾಲೆಯ ಹಳೇ ಮೇಜಿನ ಖಾನೆ. ಎಲ್ಲೂ ಇಲ್ಲ. ನೀನು ತಟ್ಟೆಯಲ್ಲಿ ಇಟ್ಟಿದ್ದಲ್ವಾ?"

ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ.

"ಇಟ್ಟಿರ್ತೀಯ. ನೀನು ಇಡದೆ ಇರೋನಲ್ಲ. ನನ್ನ ಕೈಯಿಂದಲೇ ಎಲ್ಲೋ ಜಾರಿದೆ. ಮೂವತ್ತೊಂದು ವರ್ಷ ಒಂದು ಚೀಟೀನೂ ಕಳೆದಿರಲಿಲ್ಲ ನೋಡು. ಹೋಗ್ಲಿ ಬಿಡು. ನಾಳೆ ಬಿಷಪ್ಪರಿಗೆ ಕೊಡೋಕೆ ಒಂದು ತಪ್ಪೊಪ್ಪಿಗೆ ಬರೆದುಕೊಡು. ನಾನೇ ಕಳೆದೆ ಅಂತ. ನಿನ್ನ ಭಾವನ ಮೇಲಿನ ಅಪವಾದ ಅಲ್ಲಿಗೆ ಹೋಗುತ್ತೆ."

"ನೀವೇ ಬರೀಬಹುದಲ್ಲ ಮೇಷ್ಟ್ರೇ?"

"ನನ್ನ ಬರವಣಿಗೆ ನಡಾವಳಿಗೆ ಸರಿ. ಇಂಥದ್ದಕ್ಕೆ ನಿನ್ನ ಕೈ ಬೇಕು. ನಿಮ್ಮಿಬ್ಬರಿಗೂ ಪಾಠ ಹೇಳಿದೋನು ನಾನು. ನಿನ್ನ ಭಾವನಿಗಿಂತ ನೀನೇ ಚೆನ್ನಾಗಿ ಬರೀತೀಯ ಅಂತ ಆವಾಗಿಂದ್ಲೂ ಹೇಳ್ತಿದ್ದೆ. ಯಾರೂ ಕೇಳಿಸ್ಕೊಳ್ಳಲಿಲ್ಲ ಅಷ್ಟೆ."

ಭಾವ, ಈ ಒಂದು ಮಾತಿಗಾಗಿ ನಾನು ನಲವತ್ತು ವರ್ಷ ಕಿವಿ ಚಾಚಿಕೊಂಡು ಕೂತಿದ್ದೆ. ಕೇಳಿದ್ದು ಇವತ್ತು, ಇವರ ಬಾಯಿಂದ, ಇಂಥ ಕೆಲಸಕ್ಕಾಗಿ. ಸಂಜೆಗೆ ಬರೆದಿಡುತ್ತೇನೆ ಎಂದು ಹೇಳಿ ಕಳಿಸಿದೆ. ಮೆಟ್ಟಿಲು ಇಳಿಯುವಾಗ ಹಲಗೆ ನೋಡಿ, "ಮೇಲೆ ಹಾಕಿಸಿದ್ಯಾ, ಭೇಷ್" ಎಂದರು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಲಕೋಟೆ ಒಡೆದೆ. ಹೌದು, ಅದು ನನ್ನ ಹತ್ತಿರವೇ ಇದೆ. ತಟ್ಟೆಯಲ್ಲಿ ಇಡಲೇ ಇಲ್ಲ. ಅವತ್ತು ಪಾದ್ರಿಗಳು "ಸಾಹೇಬರ ಪತ್ರ ಇದೆಯಾ ಮೇಷ್ಟ್ರೇ?" ಎಂದು ಮೇಷ್ಟ್ರನ್ನು ಕೇಳಿದಾಗ, ಮೇಷ್ಟ್ರು ತಟ್ಟೆ ಬಗ್ಗಿಸಿ ತೋರಿಸಿದಾಗ, ಅದು ನನ್ನ ಕೋಟಿನ ಒಳಜೇಬಿನಲ್ಲಿತ್ತು. ಅದರೊಳಗಿರುವುದು ಎಂದಿನ ಕ್ಷಮಾಪಣೆಯೇ ಎಂದುಕೊಂಡಿದ್ದೆ. ಅರಗು ಹಾಕಿದ್ದೀರೆಂದು ಬೇರೆ ಸಿಟ್ಟು. ಇಪ್ಪತ್ತು ವರ್ಷ ನಿಮ್ಮ ಒಂದೊಂದು ಕಾಗದವನ್ನೂ ತಿದ್ದಿದವನಿಗೆ ನಾಲ್ಕು ಸಾಲು ತೋರಿಸಲು ನಂಬಿಕೆಯಿಲ್ಲವೇ ಎಂದು. ಓದದಿದ್ದರೆ ಕುರ್ಚಿ ಖಾಲಿ. ಖಾಲಿಯಾದರೆ ಹತ್ತಿರ ಇರುವವನು ನಾನು. ಇಷ್ಟೇ ಲೆಕ್ಕ ಹಾಕಿದ್ದು.

ಆಮೇಲಾದರೂ ಯಾಕೆ ಒಡೆದು ನೋಡಲಿಲ್ಲ ಎಂದು ಕೇಳುತ್ತೀರಿ. ವಕೀಲನ ಬುದ್ಧಿ, ಭಾವ. ಅರಗು ಹಾಗೇ ಇರುವವರೆಗೆ ಅದು ಮರೆವು, ಒಡೆದರೆ ಅಪರಾಧ. ಕಟಕಟೆಯಲ್ಲಿ ನಿಲ್ಲಿಸಿದರೂ ಜೇಬಿನಲ್ಲೇ ಉಳಿದುಹೋಯಿತು ಸ್ವಾಮಿ ಎಂದು ಹೇಳಲು ಬರುತ್ತಿತ್ತು. ಪರರ ಲಕೋಟೆ ಒಡೆಯುವುದು ನಮ್ಮ ವೃತ್ತಿಗೆ ಕಳಂಕ ಎಂದು ನನ್ನನ್ನು ನಾನೇ ಹೊಗಳಿಕೊಂಡೂ ಇದ್ದೆ. ಬಚ್ಚಿಡಲು ನಾಚಿಕೆಯಾಗದವನಿಗೆ ಒಡೆಯಲು ನಾಚಿಕೆ! ನಿಮಗೆ ಬರೆದ ಪತ್ರದಲ್ಲಿ "ಕೈಗೆ ಬರಲಿಲ್ಲ" ಎಂದೆನಲ್ಲ, ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ತೋರಿಸಿ ನೋಡೋಣ. ಹೀಗೆ ಬರೆಯುವುದನ್ನು ನಾವಿಬ್ಬರೂ ಇದೇ ಕೋಣೆಯಲ್ಲಿ ಕಲಿತೆವು.

ನಿಮ್ಮ ನಾಲ್ಕು ಸಾಲನ್ನು ಇಲ್ಲಿ ನಕಲು ಮಾಡುತ್ತೇನೆ, ನಾನು ಓದಿದ್ದೇನೆಂದು ನಿಮಗೆ ಗೊತ್ತಾಗಲಿ.

"ಮರಳಿಗೆ ಅರ್ಜಿ ಹಾಕುತ್ತಿರುವ ಗಾಜಿನ ಕಂಪನಿಯಲ್ಲಿ ನಾನು ನಿರ್ದೇಶಕನಾಗಿದ್ದೇನೆ. ಆದ್ದರಿಂದ ಸಮಿತಿಯ ನನ್ನ ಸ್ಥಾನವನ್ನು ಇಂದಿನಿಂದ ಬಿಟ್ಟುಕೊಟ್ಟಿದ್ದೇನೆ. ಗೋಡೆಯ ಬಗ್ಗೆ ಹೆಡ್‌ಮಿಸ್ಟ್ರೆಸ್ ಹೇಳುವುದನ್ನು ಮೊದಲು ಕೇಳಿರಿ. ನನ್ನ ಮುಖ ನೋಡಿ ಯಾರೂ ಕೈ ಎತ್ತಬೇಡಿ."

ನೀವು ಮೊದಲೇ ಬಿಟ್ಟುಕೊಟ್ಟ ಕುರ್ಚಿಯನ್ನು ನಾನು ಕದ್ದೆ. ಕದ್ದ ತೃಪ್ತಿಯನ್ನೂ ನನಗೆ ಉಳಿಸಲಿಲ್ಲ ನೀವು!

ಓದಿ ಅಳು ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ಮೊದಲು ಬಂದದ್ದು ಹೊಟ್ಟೆಯುರಿ. ಒಂದೂ ವಿಶೇಷಣವಿಲ್ಲ, ಒಂದೂ ಉದ್ಗಾರವಿಲ್ಲ, ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನಾಗಿದ್ದರೆ ನಲವತ್ತು ಸಾಲು ಬರೆದು, ಕೊನೆಗೆ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಆ ನಲವತ್ತು ಮಕ್ಕಳು ಕೂರುವ ಗೋಡೆ ನೆನಪಾಯಿತು. ಎದ್ದು ಹೋಗಿ ನೋಡಿಬಂದೆ. ಹೆಡ್‌ಮಿಸ್ಟ್ರೆಸ್ ಸುಳ್ಳು ಹೇಳಿರಲಿಲ್ಲ. ನನ್ನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ದಂಡೆಯಲ್ಲಿ ಕಂಪನಿಯವರು ಅಳತೆಯ ಗೂಟ ನೆಟ್ಟಿದ್ದಾರೆ, ತೋಡುವುದು ಇನ್ನೂ ಶುರುವಾಗಿಲ್ಲ.

ಅಕ್ಕನಿಗೆ ಬೇರೆ ಬರೆಯಲು ಧೈರ್ಯವಿಲ್ಲ. ಇಟ್ಟಿರಲಿಲ್ಲ ಎಂದು ನೀವೇ ಹೇಳಿಬಿಡಿ. ನನ್ನ ಗಂಟಲಿನ ಮೇಲೆ ನಿಮಗೆ ಅಸೂಯೆ ಎಂದು ಬರೆದಿದ್ದಿರಿ. ಅದೊಂದು ಸಾಲನ್ನು ಮಾತ್ರ ನಾನು ನಾಲ್ಕು ಸಲ ಓದಿಕೊಂಡೆ, ಸುಳ್ಳೇಕೆ. ಆ ಗಂಟಲು ಏನು ಮಾಡಿದೆ ಎಂದು ನಿಮಗೆ ಗೊತ್ತಿಲ್ಲದೆ ಬರೆದದ್ದು. ಈಗ ಗೊತ್ತಾಯಿತು.

ಇದನ್ನು ಬರೆಯುವ ಮೊದಲು ಪಾದ್ರಿಗಳಿಗೆ ಒಂದು ಚೀಟಿ ಕಳಿಸಿದೆ. ನಾಳೆ ಮೊದಲ ಸಾಕ್ಷಿ ನನ್ನದಾಗಲಿ, ಮೇಷ್ಟ್ರನ್ನು ಏನೂ ಕೇಳುವ ಮುಂಚೆ ಎಂದು. ಒಪ್ಪಿದ್ದಾರೆ. ವಕೀಲಿಕೆಯ ಸನದು ಹೋದರೂ ಹೋಗಬಹುದು. ಹೋಗಲಿ, ಬಣ್ಣದವನಿಗೆ ಇನ್ನೊಂದು ಕೆಲಸ.

ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರ ಮನೆಗೆ ಹೋಗುತ್ತೇನೆ. ಅವರು ಕೇಳಿದ ತಪ್ಪೊಪ್ಪಿಗೆಯನ್ನು ಬರೆದಿದ್ದೇನೆ, ನನ್ನ ಹೆಸರಿನಲ್ಲಿ. ಅದನ್ನು ಅವರಿಗೇ ಮೊದಲು ಓದಿ ಹೇಳುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಹತ್ತಕ್ಕೆ ಬಿಷಪ್ಪರೆದುರು ಕಿಟಕಿಯ ಪಕ್ಕದ ಆ ಕುರ್ಚಿ ಬಿಟ್ಟು ಎದ್ದು, ನಿಮ್ಮ ನಾಲ್ಕು ಸಾಲನ್ನು ಕೈ ಬೀಸದೆ ಓದುತ್ತೇನೆ. ಅದು ಎಲ್ಲಿತ್ತೆಂದು ಹೇಳುತ್ತೇನೆ. ಗುತ್ತಿಗೆಗೆ ನಾನು ಎತ್ತಿದ ಕೈಯನ್ನು ಹಿಂದಕ್ಕೆ ಪಡೆಯುತ್ತೇನೆ. ಆಮೇಲೆ ಬಿಷಪ್ಪರ ಅಪ್ಪಣೆ ಕೇಳಿ ನಡಾವಳಿ ಪುಸ್ತಕವನ್ನು ಮತ್ತೆ ಮೇಷ್ಟ್ರ ಮುಂದಿಟ್ಟು, ಅವರು ಅಷ್ಟನ್ನೂ ಬರೆದು ಮುಗಿಸುವವರೆಗೆ, ಅವರ ಕೈ ಎಷ್ಟೇ ನಿಧಾನವಾಗಲಿ, ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ.